ಚೌಕದ ಮೇಲಂಚು

ನಮ್ಮ ಊರಿನ ಹೆಸರಿನ ತುದಿಗೆ ಅರಿವು ಅಂತಿದೆ,
ಅಂತಾನನರಿವು.
ಅರಿವು ಅಂದರೆ ನಮ್ಮ ಮಾತಿನಲ್ಲಿ ಸಾವಿರ.
ಇಲ್ಲಿ ಎಲ್ಲವೂ ಸಾವಿರದ ಲೆಕ್ಕ:
ಅಮ್ಮ ಹೊರುವ ಇಟ್ಟಿಗೆ, ನಾನು ಎಳೆಯುವ ಚೌಕ.

ಕೊಯ್ಲು ಮುಗಿದ ಮೇಲೆ ಗದ್ದೆಯ ಕೆಸರನ್ನೂ ಕೊಯ್ದು
ಸುಡುತ್ತಾರೆ. ಅನ್ನ ಬಂದ ಮಣ್ಣಿಂದಲೇ ಗೋಡೆ.
ಒಂದು ಹಲಗೆ, ಹಲಗೆಯ ಮೇಲೆ ಇಪ್ಪತ್ತೆರಡು,
ಅಮ್ಮ ಕಾಲುವೆಯ ಬದುವಿನ ಮೇಲೆ ಬರುತ್ತಾಳೆ
ಕತ್ತು ಅಲುಗದ ಹಾಗೆ, ಕಣ್ಣಷ್ಟೇ ಆಡಿಸಿ
ನನ್ನನ್ನು ಬಯ್ಯುತ್ತ.

ನನ್ನದು ಮೂರನೇ ಮಹಡಿ, ರಾತ್ರಿ ಪಾಳಿ.
ಫೋನು ಬೀರುವಿನಲ್ಲಿ, ಬೀರುವಿಗೆ ಬೀಗ.
ಕೆಟಲಿನಲ್ಲಿ ಸೀದ ಅನ್ನದ ನೀರು.
ಫೋಟೋದಲ್ಲಿ ಮನುಷ್ಯ ಕಂಡರೆ ಸುತ್ತ ಗೆರೆ ಎಳೆಯಬೇಕು
ಅಂಗಾಲಿನಿಂದ ನೆತ್ತಿಯವರೆಗೆ,
ಅಳತೆ ಕೊಟ್ಟು ಹೊಲಿಸಿದ ಅಂಗಿಯಷ್ಟು ಬಿಗಿ.
ಎಲ್ಲಿಯದೋ ಚಾಲಕನಿಲ್ಲದ ಕಾರು
ಇದನ್ನು ನೋಡಿ ಕಲಿಯುತ್ತದಂತೆ
ಯಾರು ಅಡ್ಡ ಬಂದರೆ ನಿಲ್ಲಬೇಕೆಂದು.

ಚೌಕಕ್ಕೆ ಎಷ್ಟು, ಕೇಳಿದಳು ಅಮ್ಮ ಮೊದಲ ದಿನ.
ಹೇಳಿದೆ. ಬೆರಳು ಮಡಚಿದಳು, ಬಿಚ್ಚಿದಳು.
"ಇಟ್ಟಿಗೆಗಿಂತ ಒಂದಿಷ್ಟು ಮೇಲು. ಭಾರವೂ ಇಲ್ಲ."

ಸುಳ್ಳೇಕೆ ಹೇಳಲಿ,
ಅರ್ಧ ಮನೆಗೆ ತಗಡು ಬಂತು.
ತಮ್ಮ ತೂಜುವಿನ ಫೀಸು ಜೂನ್‌ವರೆಗೆ ಕಟ್ಟಿದೆ.
ಯಾವುದೋ ಸಂಸ್ಥೆಯವರು ಬಂದು ಫೋಟೋ ಹಿಡಿದರು,
"ಬದುಕು ಬದಲಾಯಿತೇ?" ಅಂದರು.
ಉಳಿದರ್ಧ ಮನೆಯ ಮಾತು ಆಗ ನೆನಪಿಗೆ ಬರಲಿಲ್ಲ.

ತಿಂಗಳುಗಟ್ಟಲೆ ಹಿಮ, ಕೋಟು ತೊಟ್ಟ ನಾಯಿಗಳು.
ಆಮೇಲೆ ಒಂದು ವಾರ ಬಿಸಿಲಿನ ಊರುಗಳು ಬಂದವು.
ಗೋಡೆಯ ಬರಹ ಓದಲು ಬಾರದು,
ಆದರೆ ರಸ್ತೆಯ ಅಂಚಿನಲ್ಲಿ ಒಬ್ಬಳು
ತಲೆಯ ಮೇಲೆ ಹಲಗೆ, ಹಲಗೆಯ ಮೇಲೆ ಇಟ್ಟಿಗೆ.
ಅಂಗಾಲಿನಿಂದ ಕೊನೆಯ ಇಟ್ಟಿಗೆಯವರೆಗೆ
ಚೌಕ ಎಳೆದು ಕಳಿಸಿದೆ.

ಕೆಂಪು ಗುರುತು ಹೊತ್ತು ಬೆಳಗಿಗೆ ವಾಪಸು:
"ಎತ್ತರ ತಪ್ಪು. ಸರಕು ಸೇರಿಸಬೇಡಿ."
ಅಂಥವು ಹದಿನಾಲ್ಕು. ಕೂಲಿ ಕಡಿತ.
ಮೇಲ್ವಿಚಾರಕ ಎಂದ್ರಿಯಾನ ನಿಯಮದ ಪುಸ್ತಕ ಮಗುಚಿದ.
ಕೈಚೀಲಕ್ಕೆ ಒಂದು ಪುಟ, ಕೊಡೆಗೆ ಒಂದು ಪುಟ,
ಮಗುವಿನ ತಳ್ಳುಗಾಡಿಗೆ ಮೂರು.
ತಲೆಹೊರೆಗೆ ಏನೂ ಇಲ್ಲ.
"ಬರೆದವರ ಊರಲ್ಲಿ ಯಾರೂ ಹೊರುವುದಿಲ್ಲವೇನೋ," ಅಂದ,
ಪತ್ರ ಹಾಕಿದ, ಮೂರು ದಿನಕ್ಕೆ ಉತ್ತರ ಬಂತು:
ಅಪರೂಪದ ಪ್ರಕರಣ. ಕೂದಲಿಗೆ ನಿಲ್ಲಿಸಿ.

ನಿಲ್ಲಿಸಿದೆ. ಚೌಕದ ಹೊರಗೆ
ಇಟ್ಟಿಗೆಗಳು ಗಾಳಿಯಲ್ಲಿ ಉಳಿದವು.

ಅಮ್ಮನಿಗೆ ಹೇಳಿದೆ. ಕಾಲು ತೊಳೆಯುತ್ತಿದ್ದವಳು
ಚೊಂಬು ಕೆಳಗಿಟ್ಟು ನಕ್ಕಳು:
"ಹಾಗಾದರೆ ಕಾರು ಬಂದರೆ ನಾನು ಉಳೀತೀನಿ,
ಇಟ್ಟಿಗೆ ಹೋಗುತ್ತೆ."
ನಗು ಮುಗಿದ ಮೇಲೆ:
"ಹೋದದ್ದನ್ನ ಮೇಸ್ತ್ರಿ ನನ್ನ ಕೂಲಿಯಲ್ಲೇ ಹಿಡೀತಾನೆ."

ಯಾರವಳು, ಹೇಗಿದ್ದಳು ಎಂದಳು.
ಫೋಟೋ ಹೊರಗೆ ತರುವಂತಿಲ್ಲ.
ಸಂಬಳದ ಚೀಟಿಯ ಬೆನ್ನಿಗೆ ಬರೆದು ತೋರಿಸಿದೆ:
ಹೆಂಗಸು, ಹಲಗೆ, ಹದಿನೆಂಟು ಇಟ್ಟಿಗೆ,
ಒಂದೊಂದನ್ನೂ ಎಣಿಸಿಯೇ ಬರೆದಿದ್ದೆ.
ಅಮ್ಮ ಚೀಟಿಯನ್ನು ದೀಪಕ್ಕೆ ಹಿಡಿದು ನೋಡಿದಳು,
ಅತ್ತ ತಿರುಗಿಸಿ, ಇತ್ತ ತಿರುಗಿಸಿ.

"ಸಿಂಬಿ ಎಲ್ಲಿ?"

ಮರುರಾತ್ರಿ ಕರೆಂಟು ಹೋಗಿ ಬೀದಿಯೆಲ್ಲ ಕತ್ತಲು.
ನಮ್ಮ ಮಹಡಿಗೆ ಜನರೇಟರು. ಕಿಟಕಿಯಾಚೆ
ಗದ್ದೆಬಯಲಿನಲ್ಲಿ ಗೂಡುಗಳ ಕೆಂಡ.
ಅವಳನ್ನು ಮತ್ತೆ ತೆರೆದೆ, ಹಿಗ್ಗಿಸಿದೆ,
ಮುಖ ಚೂರುಚೂರಾಗುವಷ್ಟು ಹಿಗ್ಗಿಸಿದೆ.
ಇತ್ತು.
ಕೂದಲಿಗೂ ಹಲಗೆಗೂ ನಡುವೆ
ಹಳೆಯ ಬಟ್ಟೆಯದೊಂದು ಸುರುಳಿ, ನಾಲ್ಕು ಚುಕ್ಕಿಯಷ್ಟು ದಪ್ಪ.
ತಲೆಯದೋ ಸರಕಿನದೋ ಗೊತ್ತಾಗದೆ
ಗೆರೆ ಹಿಡಿದು ಕೂತಿದ್ದೇನೆ.
ಪರದೆಯ ಮೂಲೆಯಲ್ಲಿ ಸಮಯ ಓಡುತ್ತಿದೆ.