ಹನ್ನೊಂದು ರಾತ್ರಿಯ ಚಂದ್ರ

ಗ್ಡಿನಿಯಾ ಬಂದರಿನಲ್ಲಿ ಕ್ರೇನು ನಡೆಸುವವಳು ನಾನು.
ನಲವತ್ತು ಮೀಟರು ಮೇಲೆ, ಗಾಜಿನ ಗೂಡಿನಲ್ಲಿ ಕೂತು
ಮೂವತ್ತು ಟನ್ನಿನ ಕಂಟೇನರನ್ನು
ಮೊಟ್ಟೆ ಇಟ್ಟ ಹಾಗೆ ಇಳಿಸುತ್ತೇನೆ.
ತೂಕ ಎಲ್ಲಿ ಕೂರಬೇಕು, ಗಾಳಿ ಎಷ್ಟು ಎಳೆಯುತ್ತದೆ,
ನನ್ನ ಮುಂಗೈಗೆ ಗೊತ್ತು.
ರಾತ್ರಿ ಅಡುಗೆಮನೆಯ ಮೇಜಿನ ಮೇಲೆ,
ಎರಡು ಬೆರಳು ತಟ್ಟಿದರೆ ಆದದ್ದೂ ಆಗದಂತಾಗುವ
ಈ ಟ್ಯಾಬ್ಲೆಟ್ಟಿನಲ್ಲಿ,
ಒಂದು ಕಡಲಹಕ್ಕಿಯನ್ನು ಎಲ್ಲಿ ಕೂರಿಸಬೇಕೋ
ತಿಳಿಯುವುದಿಲ್ಲ.

ಚಿತ್ರ ಇದು: ಜನವರಿಯ ಬಾಲ್ಟಿಕ್, ನಸುಕು,
ಒಳಬರುವ ಹಡಗು, ಅದರ ನೆತ್ತಿಗೆ ಚಂದ್ರ,
ಪಕ್ಕದಲ್ಲಿ ಕ್ರೇನು, ಕ್ರೇನಿನಲ್ಲಿ ನಾನು,
ಅಂದರೆ ಒಂದು ಹಳದಿ ಚುಕ್ಕೆ.
ಪದರದ ಮೇಲೆ ಪದರ, ಒಟ್ಟು ಅರವತ್ತಮೂರು.
ಕೆಲವಕ್ಕೆ ಹೆಸರಿದೆ: ‘ಮಂಜು’, ‘ಮಂಜು, ಸರಿಯಾದದ್ದು’,
‘ಮಂಜು, ಇದೇ ಕೊನೆ’, ‘ಅಯ್ಯೋ’.
ಚಂದ್ರನೊಬ್ಬನಿಗೇ ಹನ್ನೊಂದು ರಾತ್ರಿ.
ಒಂದೊಂದು ಕುಳಿಗೂ ಇಳಿದು
ನೆರಳು ತುಂಬಿದ್ದೇನೆ, ಬೆಳಕು ಕೆತ್ತಿದ್ದೇನೆ;
ಎಷ್ಟು ಹಿಗ್ಗಿಸಿದರೂ ಮುಖ ಕೊಡುತ್ತಾನೆ.
ಇಡೀ ಚಿತ್ರ ನೋಡಿದರೆ ಮಾತ್ರ
ಏನೋ ಬಿಗಿ. ಕತ್ತುಪಟ್ಟಿ ಚಿಕ್ಕದಾದ ಅಂಗಿಯ ಹಾಗೆ.

ಉಪ್ಪುಸೌತೆಯ ಜಾಡಿ ಕೊಡಲು
ಕೆಳಮನೆಯ ಮುದುಕ ಇಗ್ನಾತ್ಸಿ ಬಂದ,
ಐವತ್ತು ವರ್ಷ ಕೋಟು ಹೊಲಿದವನು.
ಕನ್ನಡಕ ಹಣೆಗೇರಿಸಿ, ಕಣ್ಣು ಕಿರಿದು ಮಾಡಿ
ಬಾಗಿಲಲ್ಲೇ ನಿಂತು ನೋಡಿದ. ಹತ್ತಿರ ಬರಲಿಲ್ಲ.
“ಕೋಟು ಚೆನ್ನಾಗಿದೆಯೋ ಇಲ್ಲವೋ
ರಸ್ತೆಯ ಆಚೆ ಬದಿಯಿಂದಲೇ ಗೊತ್ತಾಗಬೇಕು” ಅಂದ.
“ಗುಂಡಿಗಳು ಚಂದ, ಬೊಗ್ನಾ.
ಆದರೆ ಮೈತುಂಬ ಗುಂಡಿಯೇ ಹೊಲಿದಿದ್ದೀ.
ತೋಳು ಎಲ್ಲಿಂದ ತೂರಿಸಲಿ?”
ಜಾಡಿ ಇಟ್ಟು ಹೋದ. ಮೆಟ್ಟಿಲಲ್ಲಿ ಅವನ ಕೆಮ್ಮು
ತಿರುವಿಗೊಂದು.

ಸಿಟ್ಟು ಬಂತು. ಸೌತೆ ಕಡಿದೆ.
ಆಮೇಲೆ ಚಿತ್ರವನ್ನು ಎಡಬಲ ಮಗುಚಿದೆ,
ಕನ್ನಡಿಯಲ್ಲಿ ಕಂಡಂತೆ.
ಹಡಗು ಬರುತ್ತಿರಲಿಲ್ಲ, ಜಾರುತ್ತಿತ್ತು!
ದಿಗಂತ ಒಂದು ಕಡೆ ವಾಲಿ
ನೀರೆಲ್ಲ ಚೌಕಟ್ಟಿನಾಚೆ ಚೆಲ್ಲುವುದರಲ್ಲಿತ್ತು.
ಇಷ್ಟು ದಿನ ನನ್ನ ಕಣ್ಣು, ಸಾಕಿದ ನಾಯಿಯಂತೆ,
ನಾನು ಕರೆದ ಕಡೆಗೇ ಬರುತ್ತಿತ್ತು.

ಬಣ್ಣವನ್ನೆಲ್ಲ ಆರಿಸಿ ನೋಡಿದೆ:
ಹಡಗೂ ಕಡಲೂ ಒಂದೇ ಬೂದಿ.
ಕಪ್ಪು ಹಚ್ಚಲು ಧೈರ್ಯ ಸಾಲದೆ
ಕಂದು ಹಚ್ಚಿ ಪಾರಾದದ್ದು ಬಯಲಾಯಿತು.
ದಿಗಂತವನ್ನು ನೇರ ಮಾಡಿ ಒಂದಂಗುಲ ಇಳಿಸಿದೆ.
ಹಡಗನ್ನು ಬಲಕ್ಕೆ ಸರಿಸಿ ಮೂತಿಯ ಮುಂದೆ ನೀರು ಬಿಟ್ಟೆ.
ಹಡಗಿಗೆ ಹೋಗಲು ನೀರು ಬೇಕು;
ಇದನ್ನು ನನಗೆ, ನನಗೆ, ಯಾರು ಹೇಳಬೇಕಿತ್ತು?
ಏಳು ಹಕ್ಕಿಯಲ್ಲಿ ಆರು ಅಳಿಸಿದೆ.

ಉಳಿದವನು ಚಂದ್ರ.
ಅವನ ಪದರದ ಪಕ್ಕದ ಪುಟ್ಟ ಕಣ್ಣು ಮುಚ್ಚಿದೆ.
ತೆರೆದೆ. ಮುಚ್ಚಿದೆ. ತೆರೆದೆ.
ಇದ್ದರೆ ಅವನೇ ಅವನು.
ಇಲ್ಲದಿದ್ದರೆ, ಕತ್ತಲಲ್ಲಿ, ಅಷ್ಟೆತ್ತರದಲ್ಲಿ
ಒಂದು ಹಳದಿ ಚುಕ್ಕೆ: ಯಾರೋ ಎಚ್ಚರವಿದ್ದಾರೆ.
ಚಹಾ ಆರಿತು.
ಮುಚ್ಚಿದೆ.
ಅಳಿಸಿದೆ ಅಂತ ಸುಳ್ಳು ಹೇಳಲಾರೆ.
ಬೇರೊಂದು ಕಡತದಲ್ಲಿ ಒಬ್ಬನೇ ಇದ್ದಾನೆ,
‘ಚಂದ್ರ, ಇನ್ನೊಂದು ಸಲಕ್ಕೆ’.

ಕೊನೆಗೆ ಹಡಗಿನ ಅಂಚಿಗೆ ಕೂದಲೆಳೆಯ ಬೆಳಕು,
ಚುಕ್ಕೆಯ ಸುತ್ತ ಒಂದು ಉಸಿರಿನಷ್ಟು ಕಿತ್ತಳೆ,
ಎಲ್ಲದರ ಮೇಲೆ ತೆಳ್ಳಗೆ ಕಾಗದದ ತರಿ.
ಮೂಲೆಯಲ್ಲಿ ಸಹಿ. ದೊಡ್ಡದಾಯಿತು. ಕುಗ್ಗಿಸಿದೆ.
ಗಂಟೆ ಒಂದೂ ನಲವತ್ತು.
ಪೆನ್ನು ಕೆಳಗಿಟ್ಟೆ. ಎತ್ತಿದೆ. ಇಟ್ಟೆ.

ಬೆಳಗಿನ ಪಾಳಿ. ಎದುರಿಗೆ ಅಸಲಿ ಸಮುದ್ರ.
ಹಡಗು ನಟ್ಟನಡುವೆ, ನೆತ್ತಿಗಂಟಿದ ಮಸುಕು ಚಂದ್ರ,
ಹಕ್ಕಿಗಳೋ ಎಣಿಸುವಂತಿಲ್ಲ,
ಒಂದು ನನ್ನ ಗೂಡಿನ ಅಂಚಿನಲ್ಲೇ.
ಯಾರಪ್ಪ ಇವನ್ನೆಲ್ಲ ಹೀಗೆ ಜೋಡಿಸಿದವರು!
ನನಗೇ ಗೊತ್ತಿಲ್ಲದೆ ಎರಡು ಬೆರಳು
ತಣ್ಣನೆ ಗಾಜನ್ನು ತಟ್ಟಿದವು.
ಹಕ್ಕಿ ತಿರುಗಿ ನೋಡಿತು.
ಅಲ್ಲೇ ಕೂತಿತು.
ರೇಡಿಯೋದಲ್ಲಿ ಕೆಳಗಿನಿಂದ ವಿಟೋಲ್ಡನ ದನಿ:
ಮೊದಲನೆಯದು ನೀಲಿ. ನಿಧಾನ.
ಎಡಕ್ಕೆ ಒಂದು ಗೇಣು.