ಮಂಡಿಯ ಒಳಮಗ್ಗುಲು

ಗುಲಾಬಿ ಹರಿಕಂತ್ರ, ಐವತ್ತೆರಡು, ಐಗಳಕುರ್ವೆ.
ಚೀಟಿಯಲ್ಲಿ ಇಷ್ಟೇ: ಬಲಮಂಡಿ, ಒಳಬದಿ, ನೋವು.
ಕುಮಟೆ ಬಸ್‌ಸ್ಟ್ಯಾಂಡಿನ ಹಿಂದೆ ಎರಡು ಮಾಳಿಗೆ ಹತ್ತಿ ಬಂದವಳು
ಮೊದಲು ನೋಡಿದ್ದು ಗಡಿಯಾರ.
"ಎಷ್ಟೊತ್ತು ಹಿಡೀತದೆ ಅಕ್ಕೋರೆ?
ಹನ್ನೆರಡಕ್ಕೆ ನೀರು ಇಳೀತದೆ."

ಪರದೆ ಎಳೆದೆ. ಸೀರೆ ತುಸು ಮೇಲೆ.
ಹಿಮ್ಮಡಿಯ ಬಿರುಕಿನಲ್ಲಿ ಗಜನಿಯ ಕಪ್ಪು
ತೊಳೆದರೂ ಹೋಗದೆ ಕೂತಿದೆ.
ಜೆಲ್ ಹಾಕಿದರೆ ಬೆಚ್ಚಿದಳು:
"ಅಯ್ಯಬ್ಬಾ ತಂಪು! ಮೀನಿನ ಲೋಳೆ ಇದ್ದಂಗೆ."

ನಾನು ಹುಡುಕಬೇಕಾದ್ದು ಒಂದು ಸಂಚಿ.
ಎಲೆಯಡಿಕೆಗೆಂದು ಅವಳು ಸೊಂಟಕ್ಕೆ ಸಿಕ್ಕಿಸಿಕೊಂಡದ್ದಲ್ಲ,
ಕೀಲಿನಿಂದ ಮೂರು ಬೆರಳು ಕೆಳಗೆ
ಮೂರು ಸ್ನಾಯುಗಳ ತುದಿ ಬಾತಿನ ಪಾದದಂತೆ ಹರಡಿ
ಎಲುಬಿಗೆ ಊರಿಕೊಳ್ಳುವಲ್ಲಿ
ತಿಕ್ಕಾಟ ತಾಳಲೆಂದು ಮೈ ತಾನೇ ಹೊಲಿದಿಟ್ಟುಕೊಂಡದ್ದು.
ಅಂಥವು ಅಕ್ಕಪಕ್ಕದಲ್ಲಿ ಇನ್ನೂ ಕೆಲವಿವೆ.
ಪುಸ್ತಕದಲ್ಲಿ ಒಂದೊಂದಕ್ಕೆ ಒಂದೊಂದು ಬಣ್ಣ,
ಇಲ್ಲಿ ಎಲ್ಲ ಬೂದಿ.
ಚೆನ್ನಾಗಿದ್ದರಂತೂ ಕಾಣುವುದೇ ಇಲ್ಲ.

ತೆರೆಯ ಮೇಲೆ ಎಲುಬು, ಬೆಳ್ಳಗಿನ ದಂಡೆ,
ಅದರಾಚೆ ಸದ್ದು ದಾಟದ ಕತ್ತಲು.
ಈಚೆ ಎಳೆಎಳೆ ರಜ್ಜು. ಪ್ರೋಬು ಒಂಚೂರು ವಾಲಿದರೆ ಸಾಕು,
ಗಟ್ಟಿ ರಜ್ಜುವೂ ಕಪ್ಪಾಗಿ
ನಾನೇ ನೀರು ಎನ್ನುತ್ತದೆ.
ಎರಡು ಸಲ ಮೋಸಹೋದೆ.
ಮೂರನೆಯ ಸಲ ಹಟಕ್ಕೆ ಬಿದ್ದು ಒತ್ತಿದೆ.

"ಒತ್ಬೇಡಿ ಅಕ್ಕೋರೆ."
ನೋವಿಗೆ ಅಂದದ್ದಲ್ಲ.
ಕತ್ತು ಎತ್ತಿ ತೆರೆಯನ್ನೇ ನೋಡುತ್ತಿದ್ದಳು.
"ಬಳಚು ಹುಡ್ಕೂಕೆ ಹೊಸಬ್ರು ಬಂದ್ರೂ ಹೀಂಗೇ,
ದಡದಡ ತುಳೀತ್ರು. ಅದು ಇನ್ನೂ ಕೆಳಗೆ ಹೋಗ್ತದೆ.
ಕಾಲು ಹಗೂರ ಇಡ್ಬೇಕು. ಅಂಗಾಲಿಗೇ ಗೊತ್ತಾಗ್ತದೆ,
ಇದು ಕಲ್ಲು, ಇದು ಖಾಲಿ ಚಿಪ್ಪು,
ಇದು ಜೀವ ಇದ್ದದ್ದು."

ಮೈದುನನ ಬೋಟಿನಲ್ಲೂ ಇಂಥದೇ ಡಬ್ಬಿ ಇದೆಯಂತೆ,
ನೀರಿಗೆ ಸದ್ದು ಇಳಿಸಿ ಮೀನು ತೋರಿಸುತ್ತದಂತೆ.
"ತೋರಿಸ್ತದೆ. ಬಲೆ ಎಳೆದ್ರೆ ಬರೀ ಕಸ."

ಕೈ ಸಡಿಲಿಸಿದೆ.
ಚರ್ಮಕ್ಕೆ ತಾಗದೆ ಜೆಲ್ಲಿನ ಮೇಲೇ ತೇಲುವಷ್ಟು.
ಬಂತು ಆಗ,
ಎಳೆಗಳ ಅಡಿಯಲ್ಲಿ, ದಂಡೆಗೆ ಒರಗಿ,
ಬಾಯಿ ಅರೆತೆರೆದ ಬಳಚಿನ ಹಾಗೆ ಒಂದು ಕಪ್ಪು ಸೀಳು.
ದಪ್ಪ ಮೂರು ಮಿಲಿಮೀಟರು.
ನಾನು ಒತ್ತಿದಾಗೆಲ್ಲ
ಪಕ್ಕಕ್ಕೆ ಸರಿದು ನಿಂತಿದ್ದ ನೀರು.

ಇಲ್ಲೇ ಅಲ್ಲವಾ, ಬೆರಳಿಟ್ಟು ಕೇಳಿದೆ.
ಹಲ್ಲು ಕಚ್ಚಿ ಹೂಂ ಅಂದಳು,
ಆಮೇಲೆ ನಕ್ಕಳು: "ಸಿಕ್ತಲ್ಲ. ಈಗ ಬುಟ್ಟಿಗೆ ಹಾಕಿ."

ಅಳತೆ ಬರೆದೆ.
ಎರಡು ವಾರ ಮಂಡಿ ಊರಬಾರದು, ಕೆಸರಿಗೆ ಇಳಿಯಬಾರದು
ಎಂದು ಬರೆದು ಓದಿ ಹೇಳಿದೆ.
ಅವಳು ಗಡಿಯಾರ ನೋಡಿದಳು.
ಇನ್ನೊಮ್ಮೆ ಓದಿ ಹೇಳಲು ನನಗೆ ಬಾಯಿ ಬರಲಿಲ್ಲ.

ಹೋದ ಮೇಲೆ ಮಂಚದ ಬಿಳಿ ಹಾಳೆಯಲ್ಲಿ
ಎರಡು ಹಿಮ್ಮಡಿಯ ಗುರುತು.
ಮುಂದಿನ ಹೆಸರು ಕರೆಯುವ ಮೊದಲು
ಚಿಲಕ ಹಾಕಿ, ನನ್ನದೇ ಮಂಡಿಗೆ ಇಟ್ಟು ನೋಡಿದೆ,
ಹಗೂರ, ಅವಳು ಹೇಳಿದ ಹಾಗೆ.
ಎಲುಬು. ಎಳೆ.
ಎಳೆಗೂ ಎಲುಬಿಗೂ ನಡುವೆ ಏನೂ ಇಲ್ಲ.
ಇದೆ, ಕಾಣುತ್ತಿಲ್ಲ.

ಹೊರಗೆ ಪಿತ್ತಕೋಶದ ಕಲ್ಲಿನವರು ಎರಡು ಸಲ ಕೆಮ್ಮಿದರು.
ಹನ್ನೆರಡಕ್ಕೆ ಹತ್ತು ನಿಮಿಷ.
ಜೆಲ್ ಒರೆಸಿಕೊಂಡೆ.
ಹೌದು, ಮೀನಿನ ಲೋಳೆ ಇದ್ದಂಗೇ.