ಐದನೆಯ ದಿನ

ಇಪ್ಪತ್ತು ಆಲೂಗಡ್ಡೆ ಸಸಿ, ಗಾಜಿನ ಬಟ್ಟಲುಗಳಲ್ಲಿ.
ಹತ್ತಕ್ಕೆ ಹುಳು ಬಿಟ್ಟಿದ್ದೇವೆ, ಹತ್ತಕ್ಕೆ ಬರೀ ನೀರು.
ವಾಖನಿಂಗನ್ನಿನಲ್ಲಿ ಇನ್ನೂ ಬೆಳಕು ಹರಿದಿಲ್ಲ,
ಕಿಟಕಿಯಾಚೆ ಯಾರದೋ ಸೈಕಲ್ಲಿನ ದೀಪ
ಮಂಜನ್ನು ಕುಯ್ದುಕೊಂಡು ಹೋಯಿತು.

ಮಾತು ಬೇಡ, ಎಂದಳು ರೆನ್ಸ್ಕೆ,
ಬೇರಿನ ಮೇಲೆ ಉಸಿರೂ ತಾಗಬಾರದು.
ಜೀನು ಬರೆದ ಓಲೆಗೆ ನಿಮಿಷಗಳ ಆಯಸ್ಸು,
ಬೆರಳ ಬೆವರೇ ಸಾಕು ಅಳಿಸಿಹಾಕಲು.
ಎರಡು ಜೊತೆ ಕೈಗವಸು. ಕತ್ತರಿ.
ಬಕೆಟ್ಟಿನಲ್ಲಿ ಬುಸುಗುಡುವ ದ್ರವ ಸಾರಜನಕ.

ಹುಳು ಬೇರನ್ನು ಕಡಿದು ತಿನ್ನುತ್ತದೆಂದೇ ತಿಳಿದಿದ್ದೆ.
ಇಲ್ಲ. ಸೂಜಿಬಾಯಿ ಒಂದೇ ಕೋಶಕ್ಕೆ ಚುಚ್ಚಿ
ಒಂದಿಷ್ಟು ಎಂಜಲು ಬಿಟ್ಟು ಕಾಯುತ್ತದೆ.
ಗೋಡೆಗಳು ಕರಗುತ್ತವೆ,
ಕೋಣೆಗೆ ಕೋಣೆ ಸೇರಿ ಒಂದೇ ದೊಡ್ಡ ಅಡುಗೆಮನೆ,
ಗಿಡದ ಸಕ್ಕರೆಯೆಲ್ಲ ಆ ಒಲೆಯ ಕಡೆಗೇ.
ಕಳೆದ ಸಲದ ಅಂಕಿಗಳಲ್ಲಿ ನೋಡಿದೆ:
ಗೋಡೆ ಸಡಿಲಿಸುವ ಜೀನು ಹುಳುವಿನದಲ್ಲ,
ಗಿಡದ್ದೇ. ಹತ್ತು ಪಟ್ಟು ಏರಿತ್ತು.
ಕಾವಲಿನವು ಎರಡನೆಯ ದಿನವೇ ತೂಕಡಿಸಿದ್ದವು.

ಡ್ರೆಂಟೆಯ ಕಪ್ಪು ಪೀಟ್ ನೆಲದಲ್ಲಿ ಅಪ್ಪ
ಆರು ವರ್ಷ ಹುಲ್ಲು, ಬಾರ್ಲಿ ಬೆಳೆದು ಕಾದರು.
ಅವೂ ಕಾದವು,
ಸತ್ತ ತಾಯಿಯ ಒಣತೊಗಲೇ ಗೂಡು,
ಸಾಸಿವೆಗಿಂತ ಸಣ್ಣದು, ಒಳಗೆ ಮುನ್ನೂರು ಮೊಟ್ಟೆ.
ಏಳನೆಯ ವರ್ಷ ಆಲೂಗಡ್ಡೆ ಹಾಕಿದರು.
ಬೇರು ತನ್ನ ಪಾಡಿಗೆ ಮಣ್ಣಿಗೆ ಏನೋ ಸೋರಿಸಿತು,
ಅದನ್ನೇ ಕರೆಯೆಂದುಕೊಂಡು ಎದ್ದವು.
ಅಪ್ಪ ಬೈದದ್ದು ಹುಳುವನ್ನಲ್ಲ, ಆ ತಳಿಯನ್ನು:
ಉಂಡ ಮನೆಗೇ ಎರಡು ಬಗೆಯಿತು, ಎಂದರು.
ಈಗ ಫೋನಿನಲ್ಲಿ ಕೇಳುತ್ತಾರೆ,
ಏನಂತೆ, ಗಿಡ ಒಪ್ಪಿಕೊಂಡಿತಾ?

ಒಂಬತ್ತು, ಹತ್ತು. ಮುಗಿಯಿತೆಂದು ನೆಟ್ಟಗಾದೆ.
ಉಳಿದವು, ಎಂದಳು ರೆನ್ಸ್ಕೆ.
ಹುಳು ಕಾಣದವನ್ನೂ ಇದೇ ಹೊತ್ತಿಗೆ ಕತ್ತರಿಸಬೇಕು,
ಇಲ್ಲದಿದ್ದರೆ ಯಾವುದಕ್ಕೆ ಹೋಲಿಸುತ್ತೀಯ?

ಹದಿನಾಲ್ಕನೆಯದರ ಬೇರು ಗಾಜಿಗೆ ತಾಗಿ
ಬಾಗಿಕೊಂಡು ಬೇರೆ ದಾರಿ ಹಿಡಿದಿತ್ತು.
ನೆನ್ನೆ ಸಂಜೆ ಅದು ಅಲ್ಲಿರಲಿಲ್ಲ.
ರೆನ್ಸ್ಕೆ ಗಡಿಯಾರ ನೋಡಿದಳು.

ಹಬೆ ಇಳಿದ ಮೇಲೆ ಬಿಳಿಯ ತಂತಿಚೂರು,
ಒಳಗೆ ಅರ್ಧಕ್ಕೇ ನಿಂತ ಯಾವುದೋ ವಾಕ್ಯ.
ಚೀಟಿ ಅಂಟಿಸಿ ಮೈನಸ್ ಎಂಬತ್ತರ ಪೆಟ್ಟಿಗೆಗೆ ಇಟ್ಟೆ.

ಕೈಗವಸು ಬಿಚ್ಚಿದಾಗ
ಬೆರಳೆಲ್ಲ ಬೆವರಿತ್ತು.